ಗಂಟಲಲ್ಲಿ ನಿಂತ ರೊಟ್ಟಿ, ಲೆಕ್ಕ ಇಟ್ಟ ಡಾಕ್ಟರ್

ನಮ್ಮ ಸಂಬಂಧದಲ್ಲಿ ಒಬ್ಬ ಹಿರಿಯರಿದ್ದರು. ಅವರಿಗೆ ಮೊದಲು ಜೋಳದ ರೊಟ್ಟಿ ಎದೆಯಲ್ಲಿ ಸಿಕ್ಕಿಕೊಂಡಂತೆ ಆಗುತ್ತಿತ್ತು. ‘ಏನಿಲ್ಲ ಬಿಡೋ ತಮ್ಮಾ, ಗ್ಯಾಸ್ ಆಗ್ಯಾದ’ ಅನ್ನುತ್ತಿದ್ದರು. ಸ್ವಲ್ಪ ದಿನಕ್ಕೆ ರೊಟ್ಟಿಯನ್ನು ಹಾಲಲ್ಲಿ ನೆನೆಸಿ ತಿಂದರು. ಆಮೇಲೆ ಬರೀ ಅನ್ನ, ಆಮೇಲೆ ಗಂಜಿ. ಗಂಜಿಯೂ ಇಳಿಯದಾದಾಗ ಕಲಬುರಗಿಗೆ ಕರೆದುಕೊಂಡು ಹೋದೆವು. ಅನ್ನನಾಳದ ಕ್ಯಾನ್ಸರ್ ಅಂದರು. ತಡವಾಗಿತ್ತು.

ಅವರು ಮನೆಯಲ್ಲೇ ತೀರಿಕೊಂಡರು. ಸಾವಿನ ನೋಂದಣಿ ಮಾಡಿಸುವಾಗ ಕಾರಣ ಕೇಳಿದರು. ‘ವಯಸ್ಸಾಗಿತ್ತು’ ಅಂದೆವು. ಹಾಗೆ ಬರೆಸಿದವರಲ್ಲಿ ನಾನೂ ಒಬ್ಬ. ಪತ್ರಿಕೋದ್ಯಮ ಓದಿದವನು, ದಿನಾ ಸುದ್ದಿ ಕಳಿಸುವವನು. ಆದರೂ ನಮ್ಮ ಮನೆಯ ಸುದ್ದಿಯನ್ನೇ ತಪ್ಪು ಬರೆಸಿದೆ.

ಅದು ಎಷ್ಟು ದೊಡ್ಡ ತಪ್ಪು ಅಂತ ಗೊತ್ತಾಗಿದ್ದು ಡಾ. ಎ. ನಂದಕುಮಾರ್ ಅವರ ಕೆಲಸದ ಬಗ್ಗೆ ಓದಿದ ಮೇಲೆ. ಕ್ಯಾನ್ಸರ್ ಸಂಶೋಧನೆ ಅಂದರೆ ಹೊಸ ಔಷಧ, ದೊಡ್ಡ ಮಷೀನು ಅಂತ ನಾವು ತಿಳಿದಿದ್ದೇವೆ. ಇವರು ಮಾಡಿದ್ದು ಬೇರೆ. ಯಾರಿಗೆ, ಯಾವ ಊರಲ್ಲಿ, ಯಾವ ಅಂಗದ ಕ್ಯಾನ್ಸರ್ ಬರುತ್ತದೆ ಎಂದು ವರ್ಷಗಟ್ಟಲೆ ಲೆಕ್ಕ ಇಟ್ಟರು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 1981ರ ಕೊನೆಯಲ್ಲಿ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮ ಶುರು ಮಾಡಿತು. ಇಡೀ ಊರಿನ ಲೆಕ್ಕ ಇಡಲು ಆರಿಸಿದ ಮೂರು ನಗರಗಳಲ್ಲಿ ಬೆಂಗಳೂರು ಒಂದು. ಆ ಕೆಲಸ ನಡೆದದ್ದು ಕಿದ್ವಾಯಿ ಆಸ್ಪತ್ರೆಯಲ್ಲಿ. ಅದನ್ನು ಕಟ್ಟಿದವರಲ್ಲಿ ನಂದಕುಮಾರ್ ಒಬ್ಬರು. ನೋಂದಣಿ ಸಿಬ್ಬಂದಿ ಆಸ್ಪತ್ರೆಗಳಿಗೆ ಹೋಗುತ್ತಾರೆ, ಲ್ಯಾಬುಗಳಿಗೆ ಹೋಗುತ್ತಾರೆ, ಸಾವಿನ ದಾಖಲೆಗಳನ್ನೂ ತಿರುವಿ ಹಾಕುತ್ತಾರೆ. ಒಬ್ಬ ರೋಗಿಯೂ ತಪ್ಪಬಾರದು, ಒಬ್ಬರನ್ನೇ ಎರಡು ಸಲ ಎಣಿಸಬಾರದು.

ಆ ಲೆಕ್ಕದಿಂದ ಪ್ರಶ್ನೆ ಹುಟ್ಟಿತು. 1996ರಲ್ಲಿ ಅವರ ತಂಡ ಬೆಂಗಳೂರಿನ ಅನ್ನನಾಳದ ಕ್ಯಾನ್ಸರ್ ರೋಗಿಗಳ ಅಧ್ಯಯನವೊಂದನ್ನು ಬ್ರಿಟಿಷ್ ಜರ್ನಲ್ ಆಫ್ ಕ್ಯಾನ್ಸರ್‌ನಲ್ಲಿ ಪ್ರಕಟಿಸಿತು. ರೋಗ ಇದ್ದವರನ್ನೂ, ಅದೇ ವಯಸ್ಸಿನ ರೋಗ ಇಲ್ಲದವರನ್ನೂ ಪಕ್ಕದಲ್ಲಿಟ್ಟು ಅವರ ಚಟಗಳನ್ನು ಹೋಲಿಸಿದರು. ಎಲೆಅಡಿಕೆ, ಬೀಡಿ, ಸಾರಾಯಿ ಅಪಾಯ ಹೆಚ್ಚಿಸುತ್ತವೆ ಎಂದು ಕಂಡುಬಂತು. ಅನ್ನನಾಳದ ಮೇಲಿನ ಭಾಗ, ನಡುಭಾಗ, ಕೆಳಭಾಗ ಎಲ್ಲಕ್ಕೂ ಅಪಾಯ ಒಂದೇ ತೆರನಲ್ಲ ಎಂಬುದೂ ಗೊತ್ತಾಯಿತು.

‘ನಾ ತಂಬಾಕು ಹಾಕಂಗಿಲ್ಲ, ಬರೀ ಎಲಿ ಅಡಿಕಿ’ ಅನ್ನುವವರು ನಮ್ಮಲ್ಲಿ ಬಹಳ. ತಂಬಾಕು ಇಲ್ಲದ ಎಲೆಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರ ವರದಿಯಲ್ಲೇ ಹೇಳಿದೆ. ನಮ್ಮ ರಾಜ್ಯದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಆದರೆ ಅಂಗಡಿಯಲ್ಲಿ ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ. ಎರಡೂ ಕೂಡುವುದು ಅಂಗೈಯಲ್ಲೇ.

ನಂದಕುಮಾರ್ ಬೆಂಗಳೂರಿಗೇ ನಿಲ್ಲಲಿಲ್ಲ. ನೋಂದಣಿ ಕಚೇರಿ ಇಲ್ಲದ ಊರುಗಳ ಗತಿ ಏನು? ದೇಶದ ಬೇರೆ ಬೇರೆ ಕಡೆಯ ಲ್ಯಾಬುಗಳಿಂದ ಇಂಟರ್ನೆಟ್ ಮೂಲಕ ಮಾಹಿತಿ ತರಿಸಿ, 2001-02ರ ಕ್ಯಾನ್ಸರ್ ನಕಾಶೆಯನ್ನು ಅವರ ತಂಡ ಸಿದ್ಧಪಡಿಸಿತು. ಮಿಜೋರಾಂನಲ್ಲಿ ಹೊಟ್ಟೆಯ ಕ್ಯಾನ್ಸರ್ ಬಹಳ ಹೆಚ್ಚು ಎಂಬುದು ಅದರಲ್ಲಿ ಎದ್ದು ಕಂಡಿತು. ಮುಂದೆ ದೇಶದ ಎಲ್ಲ ನೋಂದಣಿಗಳನ್ನು ನೋಡಿಕೊಳ್ಳುವ ಐಸಿಎಂಆರ್ ಕೇಂದ್ರಕ್ಕೆ ಅವರೇ ಮುಖ್ಯಸ್ಥರಾದರು.

‘ಲೆಕ್ಕ ಬರದ್ರ ರೋಗ ಹೋಗ್ತದೇನು? ಮೊದಲ ದವಾಖಾನಿ ಕೊಡಲಿ’ ಎಂದು ನೀವು ಕೇಳಬಹುದು. ನ್ಯಾಯವಾದ ಮಾತು. ಆದರೆ ಡಾಕ್ಟರು, ಎಂಡೋಸ್ಕೋಪಿ ಮಷೀನು ಯಾವ ಜಿಲ್ಲೆಗೆ ಎಷ್ಟು ಬೇಕು ಎಂದು ಕೇಳಲು ನಮ್ಮ ಕೈಯಲ್ಲಿ ಏನಿದೆ? ಬರೆಸದ ಸಾವು ಸರ್ಕಾರದ ಕಣ್ಣಿಗೆ ಆಗದ ಸಾವು.

ನಮ್ಮವರು ಇನ್ನೊಂದು ತಪ್ಪು ಮಾಡುತ್ತೇವೆ. ಬೆಂಗಳೂರಿಗೆ ತೋರಿಸಲು ಹೋದಾಗ, ಅಲ್ಲಿ ದುಡಿಯಲು ಹೋದ ಮಗನ ಬಾಡಿಗೆ ಮನೆಯ ವಿಳಾಸ ಕೊಡುತ್ತೇವೆ. ಆಗ ತಿಂಥಣಿಯ ರೋಗಿ ಬೆಂಗಳೂರಿನ ಲೆಕ್ಕಕ್ಕೆ ಸೇರಿಬಿಡಬಹುದು. ಅಲ್ಲಿಯ ಲೆಕ್ಕವೂ ಸುಳ್ಳು, ಇಲ್ಲಿಯದೂ ಸುಳ್ಳು.

ಅದಕ್ಕೇ ಮೂರು ಮಾತು. ಎರಡು ಮೂರು ವಾರದಿಂದ ತುತ್ತು ಸಿಕ್ಕಿಕೊಳ್ಳುತ್ತಿದ್ದರೆ, ಮೈ ಇಳಿಯುತ್ತಿದ್ದರೆ ಗ್ಯಾಸಿನ ಗುಳಿಗೆ ನುಂಗುತ್ತಾ ಕೂಡಬೇಡಿ, ಎಂಡೋಸ್ಕೋಪಿ ಮಾಡಿಸಿ. ಕಿದ್ವಾಯಿಯ ಶಾಖೆ ಕಲಬುರಗಿಯಲ್ಲೇ ಇದೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಆಸ್ಪತ್ರೆಯಲ್ಲಿ ವಿಳಾಸ ಕೇಳಿದರೆ ನಿಮ್ಮ ಊರಿನದೇ ಹೇಳಿ. ಮನೆಯಲ್ಲಿ ಸಾವಾದರೆ ಆಸ್ಪತ್ರೆಯ ಚೀಟಿ ತೋರಿಸಿ ನಿಜವಾದ ಕಾರಣ ಬರೆಸಿ.

ಮೌನಪ್ಪಯ್ಯನ ಜಾತ್ರೆಗೆ ಪ್ರತಿ ವರ್ಷ ನಮ್ಮ ಜೊತೆ ಬರುತ್ತಿದ್ದ ಆ ಹಿರಿಯರ ಚೀಟಿಗಳು ಇನ್ನೂ ನಮ್ಮ ಮನೆಯ ಟ್ರಂಕಿನಲ್ಲಿವೆ. ಅವರಿಗೆ ಏನಾಗಿತ್ತು ಎಂಬುದು ಅದರಲ್ಲಿ ಸರಿಯಾಗಿಯೇ ಬರೆದಿದೆ. ಅದನ್ನು ನೋಂದಣಿಯವರ ಮುಂದೆ ಇಡಬೇಕಾದವರು ನಾವು. ಇಡಲಿಲ್ಲ.