ಐಟಿನರರಿ ಕೇಳ್ಬೇಡಿ, ಕೊಡಲ್ಲ

(1/6)

ಈ ತಿಂಗಳು ನನ್ನ ಡಿಎಂಗೆ ಬಂದಿರೋ ಮೆಸೇಜುಗಳಲ್ಲಿ ಅರ್ಧಕ್ಕರ್ಧ ಒಂದೇ ಥರ. "ಮಗಾ, ನಾರ್ವೆ ಐಟಿನರರಿ ಕಳ್ಸು." "ಪಿಡಿಎಫ್ ಇದ್ಯಾ?" "ಎಷ್ಟು ದಿನ, ಎಷ್ಟು ದುಡ್ಡು, ಒಂದೇ ಸ್ಟೋರೀಲಿ ಹಾಕ್ಬಿಡು." ಜುಲೈ ಕೊನೇಲಿ ಅಕ್ಕನ ಜೊತೆ ಯೂಟುನ್‌ಹೈಮೆನ್ ಬೆಟ್ಟಗಳಲ್ಲಿ ಹಟ್‌ನಿಂದ ಹಟ್‌ಗೆ ನಡೀತೀನಿ ಅಂತ ಸ್ಟೋರಿ ಹಾಕಿದ್ದು ನನ್ನದೇ ತಪ್ಪು, ಒಪ್ಕೋತೀನಿ.

ಆದ್ರೆ ಐಟಿನರರಿ ಕೊಡಲ್ಲ. ಜಂಬ ಅಂದ್ಕೊಂಡ್ರೂ ಪರವಾಗಿಲ್ಲ. "ಮೊದಲ ದಿನ ಇಲ್ಲಿ, ಎರಡನೇ ದಿನ ಅಲ್ಲಿ, ಸೇವ್ ಮಾಡ್ಕೊಳ್ಳಿ" ಅನ್ನೋ ರೀಲ್ಸ್ ಇದ್ಯಲ್ಲ, ಅದು ಪ್ಲಾನ್ ಅಲ್ಲ, ಬಸ್ಸಿನ ಟೈಮ್ ಟೇಬಲ್. ಬೆಟ್ಟದಲ್ಲಿ ಟೈಮ್ ಟೇಬಲ್ ಹಿಡ್ಕೊಂಡು ನಡೆಯೋದು ಎಷ್ಟು ಅಪಾಯ ಅಂತ ನಮ್ಮ ಕ್ಲಾಸಿನ ಹದಿನಾಲ್ಕು ಜನಕ್ಕೆ ಚೆನ್ನಾಗಿ ಗೊತ್ತು. ಆ ವಿಷಯ ನಾಲ್ಕನೇ ಪೋಸ್ಟ್‌ನಲ್ಲಿ ಬರುತ್ತೆ. ಸ್ವೈಪ್ ಮಾಡಿ ಓಡ್ಬೇಡಿ.

(ಮೊದಲನೇ ಫೋಟೋ ಅಕ್ಕ ಹೋದ ವರ್ಷ ತೆಗೆದದ್ದು. ಎಡಗಡೆ ಹಸಿರು ನೀರು ಯೆಂಡೆ ಸರೋವರ, ಬಲಗಡೆ ಎತ್ತರದಲ್ಲಿರೋ ನೀಲಿ ನೀರು ಬೆಸ್‌ವಾಟ್ನೆ. ಮಧ್ಯದ ಕಲ್ಲಿನ ಏಣು ಬೆಸ್ಸೆಗ್ಗೆನ್. ಫಿಲ್ಟರ್ ಹಾಕಿಲ್ಲ.)

(2/6)

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ನಾರ್ವೆಯಲ್ಲಿ ಡಿಎನ್‌ಟಿ ಅಂತ ಒಂದು ಚಾರಣಿಗರ ಸಂಘ ಇದೆ, 1868ರಲ್ಲಿ ಶುರುವಾದದ್ದು. ದೇಶದ ತುಂಬ ಅವರದು ಸುಮಾರು 550 ಹಟ್‌ಗಳು. ದಾರಿಯುದ್ದಕ್ಕೂ ಕಲ್ಲಿನ ಮೇಲೆ ಕೆಂಪು ಬಣ್ಣದಲ್ಲಿ 'ಟಿ' ಅಕ್ಷರ. ಅದನ್ನ ಹುಡುಕ್ತಾ ನಡೀಬೇಕು. ಸಂಘದವರು ದೂರವನ್ನ ಕಿಲೋಮೀಟರ್‌ಗಿಂತ ಗಂಟೆ ಲೆಕ್ಕದಲ್ಲೇ ಹೇಳೋದು ಜಾಸ್ತಿ. ಅದು ನಿಂತು ಫೋಟೋ ತೆಗೆಯೋರ ಗಂಟೆ ಅಲ್ಲ.

ಹಟ್‌ಗಳಲ್ಲಿ ಮೂರು ಥರ. ಒಂದರಲ್ಲಿ ಜನ ಇರ್ತಾರೆ, ರಾತ್ರಿ ಬಿಸಿ ಊಟ, ಬೆಳಗ್ಗೆ ತಿಂಡಿ, ಮಧ್ಯಾಹ್ನಕ್ಕೆ ಬ್ರೆಡ್ ಕಟ್ಕೊಂಡು ಥರ್ಮಸ್ ತುಂಬಿಸ್ಕೊಂಡು ಹೊರಡಬಹುದು. ಎರಡನೇದ್ರಲ್ಲಿ ಯಾರೂ ಇರಲ್ಲ, ಆದ್ರೆ ಸೌದೆ, ಗ್ಯಾಸ್, ಹಾಸಿಗೆ, ಒಂದು ಉಗ್ರಾಣ ಇರುತ್ತೆ. ಡಬ್ಬಿ ಊಟ, ಪಾಸ್ತಾ, ಕಾಫಿ ಪುಡಿ ಏನು ಬೇಕೋ ತಗೊಂಡು, ತಗೊಂಡದ್ದನ್ನ ಬರೆದು, ದುಡ್ಡು ಕಟ್ಟಿ, ನೆಲ ಒರೆಸಿ ಹೋಗಬೇಕು. ಮೂರನೇದ್ರಲ್ಲಿ ಊಟಾನೂ ಇಲ್ಲ, ನೀವೇ ಹೊತ್ಕೊಂಡು ಹೋಗಿ. ಬೀಗ ಹಾಕಿರೋ ಹಟ್‌ಗಳಲ್ಲಿ ಹೆಚ್ಚಿನವಕ್ಕೆ ಸಂಘದ ಸದಸ್ಯರ ಹತ್ರ ಇರೋ ಒಂದೇ ನಮೂನೆ ಕೀಲಿ ಸಾಕು.

ಆ ಎರಡನೇ ಥರದ ಹಟ್ ಬಗ್ಗೆ ಕ್ಲಾಸಲ್ಲಿ ಹೇಳಿದಾಗ ಹಿಂದಿನ ಬೆಂಚಿಂದ ಬಂದ ಮಾತು: "ನಮ್ಮೂರಲ್ಲಿ ಇಟ್ರೆ ಉಗ್ರಾಣ ಅಲ್ಲ, ಬಾಗಿಲೂ ಇರಲ್ಲ." ನಗು ನನಗೂ ಬಂತು. ಆದ್ರೆ ಕುಮಾರ ಪರ್ವತ ಹತ್ತಿದವರು ಭಟ್ಟರ ಮನೇಲಿ ಅನ್ನ ಸಾರು ತಿಂದಿದೀರಲ್ಲ, ಅಷ್ಟು ಮೇಲೆ ಅಷ್ಟು ವರ್ಷದಿಂದ ಊಟ ಹಾಕೋ ಮನೆ ಇರೋದು ಯಾವ ದೇಶದಲ್ಲಿ? ನಮ್ಮನ್ನೇ ಬೈದ್ಕೊಂಡು ಜಾಣರಾಗೋ ಚಟ ಬಿಡಿ. ಇದು ಬೇರೆ ಜಗಳ, ಇನ್ನೊಂದ್ಸಲ ಆಡೋಣ.

(3/6)

ನನ್ನ ಮೊದಲ ಎಕ್ಸೆಲ್ ಶೀಟ್ ನೋಡಿದ್ರೆ ನೀವು ಲೈಕ್ ಒತ್ತಿರ್ತಿದ್ರಿ. ಏಳು ದಿನ, ಏಳು ಬಣ್ಣ. ಯೆಂಡೆಸ್‌ಹೈಮ್‌ನಿಂದ ಗ್ಲಿಟರ್‌ಹೈಮ್. ಮಾರನೇ ದಿನ ಗ್ಲಿಟರ್‌ಟಿಂಡ್ ಶಿಖರದ ಮೇಲಿಂದಾನೇ ಸ್ಪಿಟರ್‌ಸ್ಟುಲೆನ್‌ಗೆ. ಅದರ ಮಾರನೇ ದಿನ ಗಾಲ್‌ಹ್ಯೋಪಿಗೆನ್, 2,469 ಮೀಟರ್, ನಾರ್ವೆಯ ಅತಿ ಎತ್ತರದ ಬೆಟ್ಟ. ಆಮೇಲೆ ಲೈರ್‌ವಾಸ್‌ಬು, ಯೆಂಡೆಬು, ಮೆಮುರುಬು. ಕೊನೇ ದಿನ ಬೆಸ್ಸೆಗ್ಗೆನ್ ದಾಟಿ ಹೊರಟಲ್ಲಿಗೇ ವಾಪಸ್. ಅದೇ ರಾತ್ರಿ ಓಸ್ಲೋ ಬಸ್. ಒಂದು ಗಂಟೆ ಕೂಡ ವೇಸ್ಟ್ ಇಲ್ಲ.

ನನ್ನ ಲೆಕ್ಕ ಹೇಗಿತ್ತು ಗೊತ್ತಾ? ಮುಳ್ಳಯ್ಯನಗಿರಿ 1,930 ಮೀಟರ್ ಹತ್ರ ಇದೆ, ಅದಕ್ಕಿಂತ ಐನೂರು ಮೀಟರ್ ಜಾಸ್ತಿ, ಅಷ್ಟೇ ತಾನೇ. ಮುಳ್ಳಯ್ಯನಗಿರಿ ತುದಿ ಹತ್ರಾನೂ ಹುಲ್ಲು ಹಸಿರಾಗಿರುತ್ತೆ. ಅಲ್ಲಿ ಸಾವಿರ ಮೀಟರ್ ದಾಟಿದ್ರೆ ಮರ ನಿಲ್ಲುತ್ತೆ, ಆಮೇಲೆ ಕಲ್ಲು, ನೀರು, ಗಾಳಿ. ಜುಲೈನಲ್ಲೂ ದಾರಿ ಮೇಲೆ ಹಳೇ ಹಿಮದ ತೇಪೆ ಉಳಿದಿರುತ್ತೆ, ಹೊಸ ಹಿಮಾನೂ ಬೀಳಬಹುದು. ಎತ್ತರದ ಅಂಕಿ ಒಂದೇ ನೋಡಿ ಬೆಟ್ಟ ಅಳೆಯೋದು, ಟರ್ನೋವರ್ ನೋಡಿ ಕಂಪನಿ ಅಳೆದ ಹಾಗೆ.

ಶೀಟ್ ಅಕ್ಕನಿಗೆ ಕಳಿಸ್ದೆ. ಅವಳು ಓಸ್ಲೋದಲ್ಲಿ ಮೂರು ವರ್ಷದಿಂದ ಕೆಲಸ ಮಾಡ್ತಿದಾಳೆ, ಈ ಸುತ್ತಿನಲ್ಲಿ ಮುಕ್ಕಾಲು ಪಾಲು ನಡೆದಿದಾಳೆ. ಹೊಗಳ್ತಾಳೆ ಅಂದ್ಕೊಂಡಿದ್ದೆ. ವಾಯ್ಸ್ ನೋಟ್ ಬಂತು, ಹತ್ತೇ ಸೆಕೆಂಡ್: "ಮಳೆ ಬಂದ್ರೆ ಕೂತ್ಕೊಳ್ಳೋ ದಿನ ಎಲ್ಲಿದೆ? ವಾಪಸ್ ಬರೋ ದಾರಿ ಯಾವ ಕಾಲಂನಲ್ಲಿದೆ?"

ಎರಡೂ ಇರಲಿಲ್ಲ. ಏಳು ರಾತ್ರಿ ಮೊದಲೇ ಬುಕ್ ಮಾಡಿದ್ರೆ ಏನಾಗುತ್ತೆ ಯೋಚನೆ ಮಾಡಿ. ಎರಡನೇ ದಿನ ಗಾಳಿ ಜಾಸ್ತಿ ಅಂತ ನಿಂತ್ರೆ ಮೂರನೇ ರಾತ್ರಿ ಹಾಸಿಗೆ ಹೋಯ್ತು, ನಾಲ್ಕನೇದೂ ಹೋಯ್ತು, ಬಸ್ಸೂ ಹೋಯ್ತು. ಒಂದು ತಳ್ಳಿದ್ರೆ ಎಲ್ಲಾ ಬೀಳೋ ಇಟ್ಟಿಗೆ ಸಾಲು. ಹಾಗಾಗಿ ನಿಲ್ಲಲ್ಲ, ನಡೀತೀರಿ. ಗಾಳಿ ಇದ್ರೂ ನಡೀತೀರಿ. ಕಾಸ್ಟ್ ಅಕೌಂಟಿಂಗ್‌ನಲ್ಲಿ ಸಂಕ್ ಕಾಸ್ಟ್ ಅಂತ ಓದಿ ಐದು ಮಾರ್ಕ್ಸ್ ತಗೊಂಡಿದೀವಿ ಎಲ್ರೂ: ಆಗಲೇ ಖರ್ಚಾದ ದುಡ್ಡು ಮುಂದಿನ ತೀರ್ಮಾನದಲ್ಲಿ ಬರಬಾರದು. ಎಕ್ಸಾಮ್ ಹಾಲ್‌ನಲ್ಲಿ ಬರಲ್ಲ. ಬೆಟ್ಟದಲ್ಲಿ ಅದೇ ಮೊದಲು ಬರುತ್ತೆ.

(4/6)

ಈ ಪೋಸ್ಟ್‌ಗೆ ಫೋಟೋ ಇಲ್ಲ. ಇದ್ದವನ್ನ ಡಿಲೀಟ್ ಮಾಡಿದೀನಿ.

ಹೋದ ವರ್ಷ ಆಗಸ್ಟ್. ಕುದುರೆಮುಖ ಕಡೆಯ ಒಂದು ಬೆಟ್ಟ. ತಲೆಗೆ 1,600 ರೂಪಾಯಿ, ಹದಿನಾಲ್ಕು ಜನ. ರಾತ್ರಿಯೆಲ್ಲ ಮಳೆ, ಬೆಳಗ್ಗೆ ಹಳ್ಳ ಮೊಣಕಾಲಿಗೆ ಬಂದಿತ್ತು, ಶೂ ತುಂಬ ಇಂಬಳ. ಕರ್ಕೊಂಡು ಹೋದವನು ಹೇಳಿದ್ದು ಇಷ್ಟೇ: "ಮುಂದೆ ಹೋಗೋದು ನಿಮ್ಮಿಷ್ಟ. ರಿಫಂಡ್ ಇಲ್ಲ." ಇಬ್ಬರು ವಾಪಸ್ ಹೋಗೋಣ ಅಂದ್ರು. "ದುಡ್ಡು ಕೊಟ್ಟಿದೀವಲ್ಲ ಗುರು, ಅರ್ಧಕ್ಕೆ ಬಿಟ್ಟು ಹೋಗೋದಾ?" ಅಂದದ್ದು ಯಾರು?

ನಾನು. ಗ್ರೂಪಲ್ಲಿ ಎಷ್ಟೋ ಜನ ಅದನ್ನ ಮರೆತಿದೀರಿ ಅಥವಾ ಮರೆತ ಹಾಗೆ ಮಾಡ್ತಿದೀರಿ. ನಾನು ಮರೆತಿಲ್ಲ.

ಇಳಿಯೋವಾಗ ಪಾಚಿ ಬಂಡೆ ಮೇಲೆ ಜಾರಿದವನ ಹೆಸರು ಹಾಕಲ್ಲ, ಅವನೂ ಇದನ್ನ ಓದ್ತಾನೆ. ಪಾದದ ಕೀಲಿನ ಹತ್ರ ಎರಡು ಕಡೆ ಮುರಿದಿತ್ತು. ನಾಲ್ಕು ಗಂಟೆ ಹೊತ್ಕೊಂಡು ಬಂದ್ವಿ. ಈಗ ಕಾಲಲ್ಲಿ ಪ್ಲೇಟ್ ಇದೆ. ಕಾಲೇಜ್ ಕಬಡ್ಡಿ ಟೀಮಲ್ಲಿದ್ದ, ಈಗಿಲ್ಲ. ಅವನ ಅಪ್ಪ ಆಸ್ಪತ್ರೆ ಕಾರಿಡಾರ್‌ನಲ್ಲಿ ನನ್ನನ್ನ ಬೈಯ್ಲಿಲ್ಲ. "ಊಟ ಆಯ್ತಾ?" ಅಂತ ಕೇಳಿದ್ರು.

1,600 ರೂಪಾಯಿ. ಅಷ್ಟಕ್ಕೆ ನಾನು ವಾಪಸ್ ಬರೋಣ ಅಂದವರ ಬಾಯಿ ಮುಚ್ಚಿಸಿದ್ದೆ. ಹಾಗಾದ್ರೆ ವಿಮಾನ, ವೀಸಾ, ಇನ್ಶುರೆನ್ಸ್ ಎಲ್ಲ ಕಟ್ಟಿ, ವರ್ಷವಿಡೀ ಎಲ್ಲರಿಗೂ ಹೇಳ್ಕೊಂಡು ಹೋದ ಜಾಗದಲ್ಲಿ ನನ್ನ ಬಾಯಿ ಯಾರು ಮುಚ್ಚಿಸ್ತಾರೆ? ಐಟಿನರರಿ ಕೇಳೋರಿಗೆ ನನ್ನ ಪ್ರಶ್ನೆ ಇದು.

(5/6)

ಈಗ ಇನ್ನೊಂದು ಪಾರ್ಟಿ ಕಾಮೆಂಟ್‌ಗೆ ಬರುತ್ತೆ: "ಹಾಗಾದ್ರೆ ಪ್ಲಾನೇ ಬೇಡ ಬ್ರೋ, ಗೋ ವಿತ್ ದ ಫ್ಲೋ." ಸ್ವಾಮಿ, ಅಲ್ಲಿ ಫ್ಲೋ ಅಂದ್ರೆ ಹಿಮ ಕರಗಿದ ಹೊಳೆ. ಅದರ ಜೊತೆ ಹೋಗಬೇಡಿ.

ಪ್ಲಾನ್ ಬೇಕು, ಅದೂ ಜಾಸ್ತಿ ಬೇಕು. ಆದ್ರೆ ಎಲ್ಲಿಗೆ ಹೋಗ್ತೀವಿ ಅನ್ನೋದಕ್ಕಿಂತ ಎಲ್ಲಿಂದ ಬಿಟ್ಟು ಬರಬಹುದು ಅನ್ನೋದಕ್ಕೆ. ನಕ್ಷೆ ಹಿಡ್ಕೊಂಡು ಕೂತಾಗ ನನಗೆ ಗೊತ್ತಾಗಿದ್ದು, ಆ ದೇಶದವರು ಈ ಲೆಕ್ಕ ಯಾವಾಗ್ಲೋ ಮಾಡಿಟ್ಟಿದಾರೆ. ಸ್ಪಿಟರ್‌ಸ್ಟುಲೆನ್‌ಗೆ ರಸ್ತೆ ಇದೆ, ಲೈರ್‌ವಾಸ್‌ಬುಗೂ ಇದೆ. ಅಂದ್ರೆ ಸುತ್ತಿನ ಮಧ್ಯದಲ್ಲೇ ಎರಡು ಬಾಗಿಲು. ಯೆಂಡೆ ಸರೋವರದಲ್ಲಿ ಬೇಸಿಗೆ ಪೂರ್ತಿ ದೋಣಿ ಓಡುತ್ತೆ. ಯೆಂಡೆಬುನಿಂದ ಮೆಮುರುಬುಗೆ, ಅಲ್ಲಿಂದ ಯೆಂಡೆಸ್‌ಹೈಮ್‌ಗೆ, ಒಂದು ಹೆಜ್ಜೆ ಹತ್ತದೇ ಬರಬಹುದು. ಮೆಮುರುಬುನಿಂದ ಸರೋವರದ ದಡದಲ್ಲೇ ಇನ್ನೊಂದು ಕಾಲುದಾರಿ ಕೂಡ ಇದೆ. ಬೆಸ್ಸೆಗ್ಗೆನ್ ಮೇಲೆ ಮೋಡ ಕೂತಿದ್ರೆ ಕೆಳಗಿಂದ ನಡೀಬಹುದು. ಫೋಟೋ ಸಿಗಲ್ಲ, ಅಷ್ಟೇ.

ಅಲ್ಲಿ ಬೆಟ್ಟಕ್ಕೆ ಹೋಗೋರಿಗೆ ಒಂಬತ್ತು ನಿಯಮ ಇದೆ. 1967ರ ಈಸ್ಟರ್ ರಜೇಲಿ 18 ಜನ ಬೆಟ್ಟಗಳಲ್ಲಿ ಸತ್ತ ಮೇಲೆ ಅದರ ಪ್ರಚಾರ ಜೋರಾಯ್ತು. 2016ರಲ್ಲಿ ಹೊಸದಾಗಿ ಬರೆದ್ರು. ಎಲ್ಲಿಗೆ ಹೋಗ್ತೀವಿ ಅಂತ ಯಾರಿಗಾದ್ರೂ ಹೇಳಿ ಹೋಗೋದು, ಹವಾಮಾನ ನೋಡೋದು, ನಕ್ಷೆ ದಿಕ್ಸೂಚಿ ಇಟ್ಕೊಳ್ಳೋದು ಎಲ್ಲ ಇದೆ. ನನಗೆ ತಲೇಲಿ ಕೂತಿದ್ದು ಎಂಟನೇದು: ಸಮಯಕ್ಕೆ ಸರಿಯಾಗಿ ಹಿಂದಿರುಗಿ, ಹಿಂದಿರುಗೋದ್ರಲ್ಲಿ ನಾಚಿಕೆ ಇಲ್ಲ ಅಂತ. ನಾಚಿಕೆ ಅನ್ನೋ ಪದ ಯಾಕೆ ಹಾಕಿದಾರೆ ನೋಡಿ. ಜನ ವಾಪಸ್ ಬರದೇ ಇರೋದು ದಾರಿ ಗೊತ್ತಿಲ್ಲದೇ ಅಲ್ಲ, ನಾಲ್ಕು ಜನ ಏನಂತಾರೆ ಅಂತ. ನಾರ್ವೆಯವರಿಗೂ ಅದೇ ಕಾಯಿಲೆ. ಅವರು ಔಷಧಿ ಬರೆದು ಗೋಡೆಗೆ ಅಂಟಿಸಿದಾರೆ, ನಾವು ರಿಫಂಡ್ ಇಲ್ಲ ಅಂತ ಬರೆದು ಅಂಟಿಸ್ತೀವಿ.

ಇನ್ನೊಂದು ವಿಷಯ ಅಕ್ಕ ಹೇಳಿದ ಮೇಲೆ ನಂಬೋಕೆ ಟೈಮ್ ಹಿಡೀತು. ಡಿಎನ್‌ಟಿಯ ಜನ ಇರೋ ಹಟ್‌ಗೆ ನೀವು ನಡೆದು ಬಂದ್ರೆ, ಹಾಸಿಗೆ ಎಲ್ಲ ತುಂಬಿದ್ರೂ ಹೊರಗೆ ಕಳಿಸಲ್ಲ ಅನ್ನೋದು ಹಳೇ ಪದ್ಧತಿ. ಊಟದ ಮನೇಲೋ ಮೊಗಸಾಲೇಲೋ ನೆಲದ ಮೇಲೆ ಒಂದು ಮ್ಯಾಟ್ರೆಸ್ ಹಾಕಿ ಕೊಡ್ತಾರೆ. ಈಗ ಮುಂಗಡ ಬುಕಿಂಗ್ ಬಂದಿದೆ, ಎಲ್ರೂ ಮಾಡ್ತಾರೆ, ಸೀಸನ್‌ನಲ್ಲಿ ನಾವೂ ಮೊದಲೆರಡು ರಾತ್ರಿ ಮಾಡಿದೀವಿ. ಆದ್ರೆ ಆ ಹಳೇ ಪದ್ಧತಿಯ ಬೆಲೆ ನನಗೆ ಈಗ ಅರ್ಥ ಆಗ್ತಿದೆ. ಅದು ಬರೀ ಔದಾರ್ಯ ಅಲ್ಲ. ನಾಳೆ ಹಾಸಿಗೆ ಕಳ್ಕೋತೀನಿ ಅನ್ನೋ ಭಯ ಇಲ್ಲದವನು ಇವತ್ತು ಮಳೇಲಿ ನಿಲ್ಲಬಲ್ಲ. ಎಲ್ಲಾ ರಾತ್ರೀನೂ ಆ್ಯಪಲ್ಲೇ ಲಾಕ್ ಮಾಡಿ ಅಂತ ಕಲಿಸೋ ಟ್ರಾವೆಲ್ ಪೇಜ್‌ಗಳು ಈ ಧೈರ್ಯವನ್ನೇ ಕಿತ್ಕೊಳ್ತಿವೆ.

(6/6)

ದುಡ್ಡಿನ ವಿಷಯ ಮುಚ್ಚಿಡಲ್ಲ. ಊಟ ತಿಂಡಿ ಸೇರಿ ಒಂದು ರಾತ್ರಿಗೆ ಸಾವಿರ ಕ್ರೋನರ್ ಸುತ್ತಮುತ್ತ, ನಮ್ಮ ಲೆಕ್ಕದಲ್ಲಿ ಎಂಟು ಒಂಬತ್ತು ಸಾವಿರ. ಅಕ್ಕ ಕೊಡ್ತಿದಾಳೆ, ನನ್ನ ಹತ್ರ ಇಲ್ಲ. ಯಾರೋ "ಇದು ದುಡ್ಡಿದ್ದೋರ ಆಟ" ಅಂತ ಕಾಮೆಂಟ್ ಹಾಕಿದ್ರಿ, ಹೌದು, ನಮ್ಮಿಂದ ಹೋಗೋರಿಗೆ ಹೌದು. ಅಲ್ಲಿಯವರಿಗೆ ಅಷ್ಟಿಲ್ಲ. 1957ರ ಒಂದು ಕಾನೂನಿನ ಪ್ರಕಾರ ಬೆಟ್ಟ ಕಾಡುಗಳಲ್ಲಿ ಯಾರು ಬೇಕಾದ್ರೂ ನಡೀಬಹುದು, ಜನ ವಾಸ ಇರೋ ಮನೆಯಿಂದ 150 ಮೀಟರ್ ದೂರ ಟೆಂಟ್ ಹಾಕಿ ಪುಕ್ಕಟೆ ಮಲಗಬಹುದು. ನಾವೂ ಎರಡು ರಾತ್ರಿ ಹಾಗೇ ಉಳಿಸೋ ಯೋಚನೆ ಇತ್ತು, ಟೆಂಟಿನ ತೂಕ ನೋಡಿ ಬಿಟ್ವಿ.

ವೀಸಾ ಅರ್ಜಿಗೆ ಮಾತ್ರ ದಿನದಿನದ ಲೆಕ್ಕ ಬೇಕು. ಅದು ಅವರ ನಿಯಮ, ಕೊಟ್ಟಿದೀನಿ. ಅಲ್ಲಿ ಅಕ್ಕನ ಮನೆ ವಿಳಾಸ ಇದೆ, ನಡೆಯೋ ದಿನಗಳು ಇವೆ. ಆ ಕಾಗದ ಆಫೀಸಿಗೆ, ಬೆಟ್ಟಕ್ಕಲ್ಲ.

ಈಗಿನ ಶೀಟ್ ಹೀಗಿದೆ. ನಡೆಯೋದು ಆರು ದಿನ, ಇಟ್ಕೊಂಡಿರೋದು ಎಂಟು. ಆ ಎರಡು ದಿನಕ್ಕೆ ಊರಿಲ್ಲ, ಹಟ್ಟಿಲ್ಲ, ಬಣ್ಣ ಇಲ್ಲ. ಬ್ಯಾಲೆನ್ಸ್ ಶೀಟಲ್ಲಿ ಬರದ ಸಾಲಕ್ಕೆ ಪ್ರೊವಿಷನ್ ಇಡ್ತೀವಲ್ಲ, ಹಾಗೆ. ಎರಡು ಶಿಖರಗಳನ್ನೂ ತೆಗೆದು "ಆದ್ರೆ ಆಯ್ತು" ಅನ್ನೋ ಸಾಲಿಗೆ ಹಾಕಿದೀನಿ. ಅಪ್ಪನಿಗೆ ಮಾತ್ರ ಗಾಲ್‌ಹ್ಯೋಪಿಗೆನ್ ಹತ್ತಲ್ಲ ಅಂತ ಹೇಳಿ ಆಗಿದೆ, ಅವರು ಊರೆಲ್ಲ ಹತ್ತುತ್ತೆ ಅಂತ ಹೇಳ್ಕೊಂಡು ಬಂದ ಮೇಲೆ. ಎದ್ದು ಹೋಗಿ ಟಿವಿ ಹಾಕಿದ್ರು.

ಕೊನೇ ಕಾಲಂ ಹೊಸದು: "ಇಲ್ಲಿಂದ ಬಿಟ್ಟು ಬರೋದು ಹೇಗೆ". ಬೆಸ್ಸೆಗ್ಗೆನ್ ಎದುರಿಗೆ ಬರೆದಿರೋದು: ಬೆಳಗ್ಗೆ ಮೆಮುರುಬುನಲ್ಲಿ ಗಾಳಿ ಜೋರಿದ್ರೆ ದೋಣಿ. ಕಡಿದಾದ ಏಣಿನ ಬುಡದಲ್ಲಿ ಕಲ್ಲು ಒದ್ದೆ ಇದ್ರೆ, ಇಬ್ಬರಲ್ಲಿ ಯಾರೊಬ್ಬರು ಬೇಡ ಅಂದ್ರೂ, ವಾಪಸ್. ವಾದ ಇಲ್ಲ. ದುಡ್ಡಿನ ಮಾತು ಎತ್ತಿದವರು ಆ ರಾತ್ರಿಯ ಊಟದ ಬಿಲ್ ಕಟ್ಟಬೇಕು. ಈ ಕೊನೇ ಕಂಡೀಷನ್ ಅಕ್ಕಂದು, ಆಗಸ್ಟ್ ವಿಷಯ ಅವಳಿಗೂ ಗೊತ್ತು.

ಕಾಲು ಮುರ್ಕೊಂಡವನಿಗೆ ಈ ಆರೂ ಪೋಸ್ಟ್ ಹಾಕೋಕೆ ಮುಂಚೆ ತೋರಿಸಿದೀನಿ. "ನಾಲ್ಕನೇದ್ರಲ್ಲಿ ನಿನ್ನ ಮೇಲೇ ಎಲ್ಲಾ ಹಾಕ್ಕೊಂಡಿದೀಯ, ನಾನೂ ಹೋಗೋಣ ಅಂದಿದ್ದೆ" ಅಂದ. ಸೇರಿಸಲಾ ಅಂದೆ, ಸೇರಿಸು ಅಂದ. ಸೇರಿಸಿದೀನಿ.

ಹೆಸರುಗಳೆಲ್ಲ ಖಾಲಿ ಇರೋ, ಆ ಕೊನೇ ಕಾಲಂ ಮಾತ್ರ ಇರೋ ಶೀಟ್ ಬೇಕಾದವರು ಕಾಮೆಂಟಲ್ಲಿ ನೀವು ಹೋಗ್ತಿರೋ ಬೆಟ್ಟದ ಹೆಸರು ಹಾಕಿ. ಶನಿವಾರ ಇಂಟರ್ನಲ್ಸ್ ಮುಗಿದ ಮೇಲೆ ಕಳಿಸ್ತೀನಿ, ತುಂಬಿಸೋದು ನೀವೇ.