ಎಫ್‌ಐಆರ್ ಓಡುತ್ತದೆ, ಖುಲಾಸೆ ತೆವಳುತ್ತದೆ

1/8
ಫೋಟೋದಲ್ಲಿ ಇರೋದು ನಮ್ಮೂರಿನ ಗುಳ್ಳ. ಮೈಮೇಲೆ ಒಂದು ಚಿಕ್ಕ ಸ್ಟಿಕ್ಕರ್ ಉಂಟು ನೋಡಿ. ಬೇರೆ ಕಡೆಯ ಬದನೆಯನ್ನು ಮಟ್ಟು ಗುಳ್ಳ ಅಂತ ಮಾರುವವರು ಜಾಸ್ತಿಯಾದ ಮೇಲೆ ನಮ್ಮ ಬೆಳೆಗಾರರು ಮಾಡಿದ ಕ್ರಮ ಇದು. ಉಡುಪಿ ಪೇಟೆಗೆ ಹೋದರೂ, ಮಂಗಳೂರಿಗೆ ಹೋದರೂ ಗುಳ್ಳದ ಗುರುತು ಬದಲಾಗುವುದಿಲ್ಲ.

ಈಗ ಇದೇ ಊರಿನ ಒಬ್ಬರ ಮೇಲೆ ಒಂದು ಕೇಸು ಬಿತ್ತು ಅಂತ ಇಟ್ಟುಕೊಳ್ಳಿ. ಕಾಪು ಠಾಣೆಯಲ್ಲಿ ಅದಕ್ಕೊಂದು ಅಪರಾಧ ಸಂಖ್ಯೆ. ಉಡುಪಿ ಕೋರ್ಟಿಗೆ ಹೋದ ಮೇಲೆ ಕೇಸ್ ನಂಬರ್ ಬೇರೆ, ಜೊತೆಗೆ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರ್. ಮಂಗಳೂರಿನ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಸ್ಯಾಂಪಲ್ ಹೋದರೆ ಅಲ್ಲಿಯದ್ದೇ ನಂಬರ್. ಜಾಮೀನು ಸಿಗದೆ ಹಿರಿಯಡ್ಕದ ಜೈಲಿಗೆ ಹೋದರೆ ಅಲ್ಲಿ ಮತ್ತೊಂದು. ಮನುಷ್ಯ ಒಬ್ಬನೇ, ಕೇಸು ಒಂದೇ. ಗುಳ್ಳಕ್ಕೆ ಇರುವಷ್ಟು ಭದ್ರ ಗುರುತು ಅವನಿಗೆ ಇಲ್ಲ ಮಾರ್ರೆ.

2/8
ಇದನ್ನೆಲ್ಲ ಜೋಡಿಸುವ ಕೆಲಸ ಶುರುವಾಗಿ ವರ್ಷಗಳೇ ಆದವು. 2008ರ ಮುಂಬೈ ದಾಳಿಯ ಮರುವರ್ಷ ಕೇಂದ್ರ ಸರಕಾರ 2,000 ಕೋಟಿ ರೂಪಾಯಿಯ ಸಿಸಿಟಿಎನ್‌ಎಸ್ ಯೋಜನೆಗೆ ಒಪ್ಪಿಗೆ ಕೊಟ್ಟಿತು. ದೇಶದ ಠಾಣೆಗಳನ್ನು ಒಂದೇ ಜಾಲಕ್ಕೆ ತರುವುದು ಅದರ ಉದ್ದೇಶ. ಆಮೇಲೆ ಬಂದದ್ದು ಐಸಿಜೆಎಸ್. ಇದರಲ್ಲಿ ಐದು ಕಂಬ: ಪೊಲೀಸ್, ವಿಧಿವಿಜ್ಞಾನ, ಸರಕಾರಿ ಅಭಿಯೋಜಕರು, ಕೋರ್ಟು, ಜೈಲು. 2022ರ ಫೆಬ್ರವರಿಯಲ್ಲಿ ಇದರ ಎರಡನೇ ಹಂತಕ್ಕೆ 3,375 ಕೋಟಿ ರೂಪಾಯಿ ಮಂಜೂರಾಯಿತು. ಒಂದು ಮಾಹಿತಿಯನ್ನು ಒಬ್ಬರು ಒಂದೇ ಸಲ ನಮೂದು ಮಾಡಬೇಕು, ಉಳಿದವರು ಅದನ್ನೇ ಬಳಸಬೇಕು ಅನ್ನೋದು ತತ್ವ.

ಸಾಫ್ಟ್‌ವೇರ್ ದೆಹಲಿಯಿಂದ ಬರಬಹುದು. ಆದರೆ ಸಂವಿಧಾನದ ಪ್ರಕಾರ ಪೊಲೀಸ್ ಮತ್ತು ಜೈಲು ರಾಜ್ಯದ ವಿಷಯ. ಕೋರ್ಟುಗಳು ಹೈಕೋರ್ಟಿನ ಮೇಲ್ವಿಚಾರಣೆಯಲ್ಲಿ ಇರುತ್ತವೆ. ಯಾರ ಮಾಹಿತಿ ಯಾರಿಗೆ, ಯಾವಾಗ, ಎಷ್ಟು ಹೋಗಬೇಕು ಅಂತ ಕೂತು ಪ್ಲ್ಯಾನ್ ಮಾಡಬೇಕಾದದ್ದು ಕರ್ನಾಟಕವೇ.

3/8
ಮೊದಲೇ ಹೇಳ್ತೇನೆ, ನಾನು ಜೋಡಣೆಯ ಪರ. ಕಾರ್ಕಳದಲ್ಲಿ ವಾರಂಟ್ ಇರುವವನು ಕಾಪುವಿನಲ್ಲಿ ಆರಾಮಾಗಿ ಓಡಾಡಬಾರದು. ಆನ್‌ಲೈನ್ ಮೋಸ ಮಾಡುವವನಿಗೆ ಜಿಲ್ಲೆಯ ಗಡಿ ಇಲ್ಲ, ತಲಪಾಡಿಯಾಚೆ ರಾಜ್ಯದ ಗಡಿಯೂ ಇಲ್ಲ. ಮಕ್ಕಳ ಮೇಲೆ ದೌರ್ಜನ್ಯ ಮಾಡಿ ಶಿಕ್ಷೆಯಾದವನು ಊರು ಬದಲಿಸಿದ ಕೂಡಲೇ ಹೊಸ ಮನುಷ್ಯ ಆಗಬಾರದು. ಪ್ರಯೋಗಾಲಯದ ವರದಿ ರೆಡಿ ಇದ್ದೂ ಅದು ಕೋರ್ಟಿಗೆ ತಲುಪದೆ ಕೇಸು ಮುಂದೂಡಿದರೆ ಸಂತ್ರಸ್ತರಿಗೂ ಅನ್ಯಾಯ. ಹೊಸ ಕಾನೂನು ಬಿಎನ್‌ಎಸ್‌ಎಸ್ ಪ್ರಕಾರ ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ದೂರುದಾರರಿಗೆ ಅಥವಾ ಸಂತ್ರಸ್ತರಿಗೆ ತಿಳಿಸಬೇಕು. ಕಡತ ಹೊತ್ತುಕೊಂಡು ಓಡಾಡುವ ಕಾಲದಲ್ಲಿ ಇದೆಲ್ಲ ಆಗದು.

ಹಾಗಾದ್ರೆ ಸಮಸ್ಯೆ ಎಂತದು? ಮಾಹಿತಿ ಒಂದೇ ದಿಕ್ಕಿಗೆ ಜೋರಾಗಿ ಓಡುತ್ತದೆ.

4/8
ಎಫ್‌ಐಆರ್ ಆಯಿತು ಅನ್ನುವ ಸುದ್ದಿ ಮೊದಲ ದಿನವೇ ಕಂಪ್ಯೂಟರಿಗೆ ಬೀಳುತ್ತದೆ. ಸೂಕ್ಷ್ಮ ಪ್ರಕರಣ ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ವೆಬ್‌ಸೈಟಿಗೆ ಹಾಕಬೇಕು ಅಂತ 2016ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಒಳ್ಳೆಯದೇ. ಆದರೆ ಮೂರು ವರ್ಷದ ನಂತರ ಅದೇ ಕೇಸು ಖುಲಾಸೆ ಆದರೆ, ರಾಜಿಯಾದರೆ, ಹೈಕೋರ್ಟ್ ಅದನ್ನು ರದ್ದು ಮಾಡಿದರೆ? ಆ ಸುದ್ದಿ ಕೋರ್ಟಿನಿಂದ ಠಾಣೆಗೆ ವಾಪಸ್ ಬರಬೇಕು. ಬಂದದ್ದನ್ನು ಯಾರಾದರೂ ದಾಖಲಿಸಬೇಕು. ಅರೆಸ್ಟಿಗೆ ಇರುವ ಅವಸರ ಇದಕ್ಕೆ ಯಾರಿಗೂ ಇರುವುದಿಲ್ಲ.

ನಮ್ಮಲ್ಲಿ ಮಾತ್ರ ಅಲ್ಲ. ಅಮೆರಿಕದಲ್ಲಿ 2006ರಲ್ಲಿ ಅಲ್ಲಿನ ಅಟಾರ್ನಿ ಜನರಲ್ ಕೊಟ್ಟ ವರದಿಯಲ್ಲೇ ಒಪ್ಪಿಕೊಂಡಿದ್ದರು: ದೇಶಮಟ್ಟದ ದಾಖಲೆ ವ್ಯವಸ್ಥೆಯಲ್ಲಿದ್ದ ಬಂಧನಗಳಲ್ಲಿ ಸುಮಾರು ಅರ್ಧಕ್ಕೆ ಮಾತ್ರ ಕೊನೆಗೆ ಏನಾಯಿತು ಅನ್ನುವ ಮಾಹಿತಿ ಇತ್ತು. ಉಳಿದ ಅರ್ಧದಲ್ಲಿ ಬಂಧನ ಕಾಣುತ್ತದೆ, ತೀರ್ಪು ಕಾಣುವುದಿಲ್ಲ. ಅಷ್ಟು ದುಡ್ಡಿರುವ ದೇಶದ ಕಥೆ ಇದು.

ಇದು ನಮ್ಮ ವಯಸ್ಸಿನವರಿಗೆ ಯಾಕೆ ಮುಖ್ಯ? ಕರಾವಳಿಯಲ್ಲಿ ಪ್ರತಿ ಮನೆಯಿಂದ ಒಬ್ಬರಾದರೂ ದುಬೈ, ಮಸ್ಕತ್, ಹಡಗು, ಬೆಂಗಳೂರು ಅಂತ ಹೊರಡುವವರೇ. ಪಾಸ್‌ಪೋರ್ಟಿಗೆ ಪೊಲೀಸ್ ವೆರಿಫಿಕೇಶನ್, ಕೆಲಸಕ್ಕೆ ಕ್ಲಿಯರೆನ್ಸ್ ಸರ್ಟಿಫಿಕೇಟ್. ಕಾಲೇಜು ದಿನಗಳ ಒಂದು ಗಲಾಟೆ ಕೇಸು, ಖುಲಾಸೆಯೂ ಆಗಿ ಹೋದದ್ದು, ಸ್ಕ್ರೀನಿನಲ್ಲಿ "ಬಾಕಿ" ಅಂತ ಕಂಡರೆ ವೀಸಾದ ಡೇಟ್ ಯಾರಿಗೂ ಕಾಯುವುದಿಲ್ಲ. ಈಗ ಒಂದು ಠಾಣೆಯ ರಿಜಿಸ್ಟರಿನಲ್ಲಿ ಇರುವ ತಪ್ಪು, ಎಲ್ಲ ಜೋಡಿಸಿದ ಮೇಲೆ ದೇಶದ ಎಲ್ಲ ಠಾಣೆಯ ತಪ್ಪು.

5/8
ಇನ್ನೊಂದು, ಹೆಸರಿನ ಕಥೆ. ಪೂಜಾರಿ ಅನ್ನೋದನ್ನು ಇಂಗ್ಲಿಷಿನಲ್ಲಿ ಎಷ್ಟು ರೀತಿ ಬರೆಯುತ್ತಾರೆ, ನಿಮ್ಮ ಕ್ಲಾಸಿನ ಹಾಜರಿ ಪಟ್ಟಿಯಲ್ಲೇ ಎಣಿಸಿ. ಕಾಪು ಅನ್ನೋದಕ್ಕೇ ಎರಡು ಸ್ಪೆಲ್ಲಿಂಗ್ ಉಂಟು, ಹಳೇ ಬೋರ್ಡಿನಲ್ಲಿ ಒಂದು, ಹೊಸದರಲ್ಲಿ ಒಂದು. ನಮ್ಮ ವಿಳಾಸ ಒಂದು ಕಡೆ ಮಟ್ಟು, ಒಂದು ಕಡೆ ಕೋಟೆ ಗ್ರಾಮ, ಒಂದು ಕಡೆ ಕಟಪಾಡಿ. ಹಳೇ ಕಾಗದದಲ್ಲಿ ಉಡುಪಿ ತಾಲೂಕು, ಈಗ ಕಾಪು ತಾಲೂಕು.

ಕಂಪ್ಯೂಟರ್ ಹೆಸರು ನೋಡಿ ಹೊಂದಿಸಿದರೆ ಎರಡು ಅಪಾಯ. ಒಬ್ಬನೇ ಮನುಷ್ಯ ಮೂವರಾಗಿ ಕಾಣಬಹುದು. ಒಂದೇ ಹೆಸರಿನ ಮೂವರು ಒಬ್ಬನಾಗಿಯೂ ಕಾಣಬಹುದು. ಎರಡನೆಯದ್ದು ಭಯಂಕರ, ಯಾಕೆಂದರೆ ಪಕ್ಕದ ಊರಿನವನ ಕೇಸು ನಿಮ್ಮ ತಲೆಗೆ ಬರುತ್ತದೆ.

6/8
ಸುದ್ದಿ ತಡವಾದರೆ ಒಳಗಿರುವವನಿಗೆ ಎಂತ ಆಗ್ತದೆ ನೋಡಿ. 2021ರ ಜುಲೈಯಲ್ಲಿ ಆಗ್ರಾ ಜೈಲಿನ 13 ಕೈದಿಗಳಿಗೆ ಸುಪ್ರೀಂ ಕೋರ್ಟ್ ಜಾಮೀನು ಕೊಟ್ಟಿತ್ತು. ಆದೇಶ ಜೈಲಿಗೆ ತಲುಪಲಿಲ್ಲ ಅಂತ ಅವರು ಒಳಗೇ ಉಳಿದರು. ಆದೇಶ ತರಲು ಇನ್ನೂ ಪಾರಿವಾಳಕ್ಕೆ ಕಾಯುತ್ತಿದ್ದೇವೆ ಅನ್ನುವ ಅರ್ಥದಲ್ಲಿ ಆಗಿನ ಮುಖ್ಯ ನ್ಯಾಯಮೂರ್ತಿ ಎನ್.ವಿ. ರಮಣ ಬೇಸರ ಹೇಳಿದರು. 2022ರ ಮಾರ್ಚ್ 31ಕ್ಕೆ ಆದೇಶಗಳನ್ನು ಇಲೆಕ್ಟ್ರಾನಿಕ್ ಆಗಿ ಕಳಿಸುವ "ಫಾಸ್ಟರ್" ವ್ಯವಸ್ಥೆ ಬಂತು. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಸ್ಪಷ್ಟ ಮಾಡಿತು: ಜಾಮೀನು ಆದೇಶ ಅದೇ ದಿನ ಅಥವಾ ಮರುದಿನ ಇಮೇಲಿನಲ್ಲಿ ಜೈಲಿಗೆ ಹೋಗಬೇಕು. ಏಳು ದಿನದಲ್ಲಿ ಬಿಡುಗಡೆ ಆಗದಿದ್ದರೆ ಜೈಲಿನ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು.

ಬಿಎನ್‌ಎಸ್‌ಎಸ್‌ನ 479ನೇ ಕಲಮು ಇನ್ನೂ ಮುಂದೆ ಹೋಗಿದೆ. ಮೊದಲ ಸಲ ಆರೋಪಿಯಾದವನು, ಹಿಂದೆ ಶಿಕ್ಷೆ ಆಗದವನು, ಆ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ವಿಚಾರಣಾಧೀನನಾಗಿ ಕಳೆದರೆ ಬಿಡುಗಡೆಗೆ ಅರ್ಹ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಕೇಸುಗಳಿಗೆ ಇದು ಇಲ್ಲ. ಅರ್ಜಿ ಹಾಕಬೇಕಾದದ್ದು ಜೈಲಿನ ಅಧೀಕ್ಷಕರೇ. ಆದರೆ ಒಂದಕ್ಕಿಂತ ಹೆಚ್ಚು ಕೇಸು ಬಾಕಿ ಇದ್ದರೆ ಈ ಅನುಕೂಲ ಇಲ್ಲ. ಈಗ ಆ ಹಳೇ "ಬಾಕಿ" ಅನ್ನುವ ತಪ್ಪು ನಮೂದು, ಅಥವಾ ಅದೇ ಹೆಸರಿನ ಇನ್ನೊಬ್ಬನ ಕೇಸು, ಎಷ್ಟು ತಿಂಗಳಿನ ಪ್ರಶ್ನೆ ಆಗ್ತದೆ ಯೋಚಿಸಿ.

7/8
ಹಾಗಾಗಿ ನನ್ನ ಮಾತು ಇಷ್ಟೇ: ಜೋಡಣೆಯ ಪ್ಲ್ಯಾನನ್ನು ಬಂಧನದ ಕಡೆಯಿಂದ ಅಲ್ಲ, ಬಿಡುಗಡೆಯ ಕಡೆಯಿಂದ ಬರೆಯಲು ಶುರು ಮಾಡಬೇಕು. ನಾಲ್ಕು ಸಂಗತಿ.

ಒಂದು: ಕೋರ್ಟಿನಲ್ಲಿ ತೀರ್ಪು ಬಿದ್ದ ದಿನವೇ ಪೊಲೀಸ್ ದಾಖಲೆ ತಾನಾಗಿ ಬದಲಾಗಬೇಕು. ಕೊನೆಯ ಫಲಿತಾಂಶ ಇಲ್ಲದ ದಾಖಲೆಯ ಮೇಲೆ "ಅಪೂರ್ಣ" ಅಂತ ದೊಡ್ಡದಾಗಿ ಕಾಣಬೇಕು, ಅದೊಂದನ್ನೇ ನೋಡಿ ಯಾರಿಗೂ ಏನನ್ನೂ ನಿರಾಕರಿಸಬಾರದು.

ಎರಡು: ನನ್ನ ಬಗ್ಗೆ ಏನು ಬರೆದಿದೆ ಅಂತ ನಾನು ನೋಡುವ ದಾರಿ ಬೇಕು. ತಪ್ಪಿದ್ದರೆ ಜಿಲ್ಲೆಯಲ್ಲೇ, ಗೊತ್ತುಪಡಿಸಿದ ದಿನದೊಳಗೆ, ಸರಿ ಮಾಡಿಸುವ ಒಬ್ಬ ಅಧಿಕಾರಿ ಬೇಕು. ಬೆಂಗಳೂರಿಗೆ ಬಸ್ಸು ಹತ್ತಿಸಬೇಡಿ.

ಮೂರು: ಯಾರು, ಯಾವಾಗ, ಯಾಕೆ ನನ್ನ ದಾಖಲೆ ತೆರೆದರು ಅನ್ನುವ ಲೆಕ್ಕ ಉಳಿಯಬೇಕು. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ತೀರ್ಪು ಬಂದ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2022ರ ಗುರುತಿಸುವಿಕೆ ಕಾಯ್ದೆಯಲ್ಲಿ ಬೆರಳಚ್ಚು, ಕಣ್ಣಿನ ಸ್ಕ್ಯಾನ್‌ನಂಥ ವಿವರಗಳನ್ನು 75 ವರ್ಷ ಇಡಬಹುದು. ಹಿಂದೆ ಶಿಕ್ಷೆಯಾಗದವನು ಕೊನೆಯ ಮೇಲ್ಮನವಿಯೂ ಮುಗಿದು ಖುಲಾಸೆಯಾದರೆ, ಕೋರ್ಟ್ ಬೇರೆ ಹೇಳದಿದ್ದಲ್ಲಿ, ಅಳಿಸಬೇಕು. ಖುಲಾಸೆಯ ಸುದ್ದಿಯೇ ತಲುಪದಿದ್ದರೆ ಅಳಿಸುವವರು ಯಾರು?

ನಾಲ್ಕು: ಹೊಸ ಸಮಿತಿ ಬೇಡ. ಪ್ರತಿ ಜಿಲ್ಲೆಯಲ್ಲಿ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ವಿಚಾರಣಾಧೀನ ಕೈದಿಗಳ ಪರಿಶೀಲನಾ ಸಮಿತಿ ಈಗಾಗಲೇ ಉಂಟು. ಜಿಲ್ಲಾಧಿಕಾರಿ, ಎಸ್‌ಪಿ, ಕಾನೂನು ಸೇವಾ ಪ್ರಾಧಿಕಾರ ಎಲ್ಲ ಅದರಲ್ಲಿ ಇದ್ದಾರೆ. ಪ್ರತಿ ಸಭೆಯಲ್ಲಿ ಒಂದು ಪ್ರಶ್ನೆ ಸೇರಿಸಿ: ಈ ಸಲ ಎಷ್ಟು ಕೇಸಿನ ಫಲಿತಾಂಶ ಠಾಣೆಯ ದಾಖಲೆಗೆ ಬಂದಿಲ್ಲ? ಸಂಖ್ಯೆಯನ್ನು ನೋಟಿಸ್ ಬೋರ್ಡಿಗೆ ಹಾಕಿ.

ಇಷ್ಟೆಲ್ಲ ಚೆಕ್ ಇಟ್ಟರೆ ಪೊಲೀಸರ ಕೆಲಸ ನಿಧಾನ ಆಗ್ತದೆ ಅಂತ ಹೇಳುವವರು ಇದ್ದಾರೆ. ತಪ್ಪು ಮನುಷ್ಯನ ಹಿಂದೆ ಓಡುವುದಕ್ಕಿಂತ ನಿಧಾನದ ಕೆಲಸ ಬೇರೆ ಉಂಟಾ? ಸರಿಯಾದ ದಾಖಲೆ ಮೊದಲು ಬೇಕಾದದ್ದು ಪೊಲೀಸರಿಗೇ.

8/8
ನೀವು ಈಗಲೇ ಮಾಡಬಹುದಾದದ್ದು. ಮನೆಯಲ್ಲಿ ಯಾರದ್ದಾದರೂ ಹಳೇ ಕೇಸು ಇದ್ದರೆ, ಇ-ಕೋರ್ಟ್ಸ್ ಆ್ಯಪಿನಲ್ಲಿ ಸಿಎನ್‌ಆರ್ ನಂಬರ್ ಹಾಕಿ ಸ್ಥಿತಿ ನೋಡಿ. ಮುಗಿದ ಕೇಸಾದರೆ ತೀರ್ಪಿನ ದೃಢೀಕೃತ ಪ್ರತಿ ತೆಗೆಸಿ, ಠಾಣೆಗೆ ಒಂದು ಅರ್ಜಿಯ ಜೊತೆ ಕೊಟ್ಟು ಸ್ವೀಕೃತಿ ತಗೊಳ್ಳಿ. ಪಾಸ್‌ಪೋರ್ಟ್ ಅರ್ಜಿ ಹಾಕುವ ಮೊದಲು, ನಂತರ ಅಲ್ಲ. ದುಡ್ಡಿಲ್ಲ, ವಕೀಲರು ಗೊತ್ತಿಲ್ಲ ಅಂತಾದರೆ 15100ಕ್ಕೆ ಫೋನ್ ಮಾಡಿ, ಅದು ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಬಂಧನದಲ್ಲಿ ಇರುವವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಉಂಟು.

ಲಾ, ಕಂಪ್ಯೂಟರ್ ಸೈನ್ಸ್ ಓದುವವರಿಗೆ ಒಂದು ಮಾತು: ಇದು ನಿಮ್ಮ ಫೈನಲ್ ಇಯರ್ ಪ್ರಾಜೆಕ್ಟಿಗೆ ಒಳ್ಳೆ ವಿಷಯ. ಕನ್ನಡ, ತುಳು ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆದಾಗ ಆಗುವ ಗೊಂದಲ ಬಿಡಿಸುವವರು ಇಲ್ಲಿಯವರೇ ಆಗಬೇಕು. ಹೊರಗಿನವರಿಗೆ ಇದು ಹೊಳೆಯುವುದೂ ಇಲ್ಲ.

ಸೇವ್ ಮಾಡಿ ಇಟ್ಟುಕೊಳ್ಳಿ, ವಿದೇಶಕ್ಕೆ ಹೊರಟ ಫ್ರೆಂಡಿಗೆ ಕಳಿಸಿ. ಮತ್ತೆ ನಿಮ್ಮ ಹೆಸರು ಎಷ್ಟು ಕಾರ್ಡಿನಲ್ಲಿ ಎಷ್ಟು ಥರ ಉಂಟು, ಕೆಳಗೆ ಬರೀರಿ.

#ಮಟ್ಟು #ಕಾಪು #ಉಡುಪಿ #ನಮ್ಮದಾಖಲೆನಮ್ಮಹಕ್ಕು