ನೆಲದ ಸಾಕ್ಷಿಯನ್ನು ಕೆಡಿಸದಿರೋಣ

ಹಳೆಯ ಕೋಟೆಯಿರುವ ಊರಿನಲ್ಲಿ ನಿಧಿಯ ಕಥೆ ಇಲ್ಲದಿರುವುದು ಅಪರೂಪ. ನಮ್ಮ ಹೊಸೂರು, ರಾಯಕೋಟೆ, ಕೃಷ್ಣಗಿರಿಯ ಸೀಮೆಯಲ್ಲಂತೂ ಬೆಟ್ಟಕ್ಕೊಂದು ಕೋಟೆ, ಕೋಟೆಗೊಂದು ಕಥೆ. ಟಿಪ್ಪುಸುಲ್ತಾನನ ಚಿನ್ನ ಇಲ್ಲಿದೆ, ಕಂಪನಿಯ ದಂಡು ಹೂತಿಟ್ಟ ಪೆಟ್ಟಿಗೆ ಅಲ್ಲಿದೆ, ಏಳು ಹೆಡೆಯ ಸರ್ಪ ಅದನ್ನು ಕಾಯುತ್ತಿದೆ ಎಂಬ ಮಾತುಗಳನ್ನು ಕೇಳುತ್ತಲೇ ನಾವೆಲ್ಲರೂ ಬೆಳೆದವರು. ಕಥೆ ಕೇಳುವುದರಲ್ಲಿ ದೋಷವೇನೂ ಇಲ್ಲ. ಆದರೆ ಕಥೆಯನ್ನು ನಂಬಿ ಹಾರೆ ಗುದ್ದಲಿ ಹಿಡಿದು ಹೊರಡುವವರು ಇಂದಿಗೂ ಇದ್ದಾರೆ. ಈಗ ಅವರ ಕೈಗೆ ಲೋಹಶೋಧಕ ಯಂತ್ರವೂ, ಅಂದರೆ ಮೆಟಲ್ ಡಿಟೆಕ್ಟರೂ ಬಂದಿದೆ. ಆದ್ದರಿಂದ ಈ ಶಾಲೆಯ ಹಳೆಯ ವಿದ್ಯಾರ್ಥಿಗಳಾದ ನಾವು ನಾಲ್ವರು ಗೆಳೆಯರು ಈ ವಿಷಯವಾಗಿ ಮಕ್ಕಳ ಹಾಗೂ ಪೋಷಕರ ಮುಂದೆ ನಾಲ್ಕು ಮಾತುಗಳನ್ನಿಡಲು ಬಯಸಿದ್ದೇವೆ.

ಕಂಪನಿಯ ಕಾಲದ ವಸ್ತುಗಳು ನಮ್ಮ ಮಣ್ಣಿನಲ್ಲಿ ಏಕೆ ಸಿಗುತ್ತವೆ ಎಂಬುದನ್ನು ಮೊದಲು ತಿಳಿಯಬೇಕು. 1790ರಿಂದ 1792ರವರೆಗೆ ನಡೆದ ಮೂರನೆಯ ಮೈಸೂರು ಯುದ್ಧದಲ್ಲಿ ಈ ಘಟ್ಟದ ದಾರಿಗಳೇ ರಣಾಂಗಣಗಳಾದವು. 1791ರ ಜುಲೈ ತಿಂಗಳಲ್ಲಿ ಕಾರ್ನ್‌ವಾಲಿಸನ ಸೈನ್ಯದ ಮೇಜರ್ ಗೌಡಿ ಎಂಬವನು ರಾಯಕೋಟೆಯನ್ನು ಹಿಡಿದನು. ಅದೇ ವರ್ಷದ ನವೆಂಬರಿನಲ್ಲಿ ಕೃಷ್ಣಗಿರಿಯ ಮೇಲೆ ಏರಿಹೋದ ಮ್ಯಾಕ್ಸ್‌ವೆಲ್ಲನ ಪಡೆಯನ್ನು ಕೋಟೆಯವರು ಹಿಮ್ಮೆಟ್ಟಿಸಿದರು. 1792ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಬಾರಾಮಹಲ್ ಕಂಪನಿಯ ವಶವಾಯಿತು. ಅಲೆಕ್ಸಾಂಡರ್ ರೀಡ್ ಇಲ್ಲಿನ ಆಡಳಿತಗಾರನಾಗಿ ಬಂದನು. ಆತನ ಕೈಕೆಳಗೆ ದುಡಿದ ತರುಣ ಥಾಮಸ್ ಮನ್ರೋ ಮುಂದೆ ಮದರಾಸಿನ ಗವರ್ನರನಾದನು. 1799ರಲ್ಲಿ ಜನರಲ್ ಹ್ಯಾರಿಸನ ದೊಡ್ಡ ದಂಡು ಶ್ರೀರಂಗಪಟ್ಟಣಕ್ಕೆ ನಡೆದದ್ದೂ ರಾಯಕೋಟೆಯ ದಾರಿಯಲ್ಲೇ. ಸಾವಿರಾರು ಸಿಪಾಯಿಗಳು, ಅವರಿಗೆ ದವಸ ಹೊತ್ತ ಎತ್ತುಗಳ ಸಾಲು, ಹಿಂದೆ ಮುಂದೆ ಸಂತೆಯ ಜನ, ಇಷ್ಟೆಲ್ಲ ಹಾದುಹೋದ ದಾರಿಯಲ್ಲಿ ಗುಂಡಿ, ಮೊಳೆ, ಲಾಳ, ಸೀಸದ ಗುಂಡು, ತಾಮ್ರದ ಕಾಸು ಬೀಳದೆ ಇರುತ್ತವೆಯೇ?

ನಮ್ಮಲ್ಲೊಬ್ಬನ ಸೋದರಮಾವನವರಿಗೆ ಅಂಥದೊಂದು ದಾರಿಯ ಪಕ್ಕದಲ್ಲಿ ರಾಗಿಯ ಹೊಲವಿದೆ. ಉತ್ತಾಗಲೆಲ್ಲ ಅಲ್ಲಿ ಬಿಳಿಚಿಕೊಂಡ ಸೀಸದ ಗುಂಡುಗಳು ಮೇಲೆ ಬರುತ್ತಿದ್ದುವು. ಇನ್ನೊಬ್ಬ ಗೆಳೆಯನಿಗೆ ನೆಲದೊಳಗಿನ ಕಬ್ಬಿಣದ ಪೈಪುಗಳನ್ನು ಹುಡುಕುವ ಕೆಲಸದಿಂದಾಗಿ ಲೋಹಶೋಧಕದ ಬಳಕೆ ಗೊತ್ತು. ಹೀಗೆ ಕಳೆದ ಬೇಸಗೆಯಲ್ಲಿ, ಮೊದಲ ಮಳೆ ಬಿದ್ದು ಹೊಲ ಉತ್ತ ಮೇಲೆ, ಮಾವನವರ ಒಪ್ಪಿಗೆ ಪಡೆದು, ಅವರನ್ನೂ ಜೊತೆಗಿಟ್ಟುಕೊಂಡು ನಾವು ಹೊರಟೆವು. ಹೊರಡುವ ಮೊದಲೇ ಮೂರು ಕಟ್ಟಳೆಗಳನ್ನು ಮಾಡಿಕೊಂಡಿದ್ದೆವು. ಕೋಟೆಯ ಬಳಿಗೆ ಯಂತ್ರ ಒಯ್ಯಬಾರದು. ನೇಗಿಲು ತಿರುವಿ ಹಾಕಿದ ಸಡಿಲ ಮಣ್ಣಿನ ಮೇಲಿರುವುದನ್ನು ಮಾತ್ರ ಎತ್ತಬೇಕು, ಗುದ್ದಲಿ ಹಾಕಬಾರದು. ಯಾವುದು ಸಿಕ್ಕರೂ, ಬಾವಿಯಿಂದ ಮತ್ತು ಬದುವಿನ ಹುಣಸೆಮರದಿಂದ ಅದು ಎಷ್ಟು ಹೆಜ್ಜೆ ದೂರವೆಂದು ಅಳೆದು ನೋಟ್‌ಬುಕ್ಕಿನಲ್ಲಿ ಬರೆಯಬೇಕು.

ವಿದ್ಯಾರ್ಥಿಗಳಿಗೆ ಈ ಯಂತ್ರದ ಗುಟ್ಟು ಕಷ್ಟವಾಗದು. 1831ರಲ್ಲಿ ಫ್ಯಾರಡೆ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆಯ ಪಾಠವೇ ಇದಕ್ಕೆ ಆಧಾರ. ಕೋಲಿನ ತುದಿಯ ತಂತಿಸುರುಳಿಯಲ್ಲಿ ದಿಕ್ಕು ಬದಲಿಸುತ್ತಿರುವ ವಿದ್ಯುತ್ತು ಹರಿದಾಗ ಸುತ್ತಲೂ ಬದಲಾಗುತ್ತಿರುವ ಕಾಂತಕ್ಷೇತ್ರ ಉಂಟಾಗುತ್ತದೆ. ಅದರೊಳಗೆ ಲೋಹ ಬಂದರೆ ಲೋಹದಲ್ಲಿಯೂ ವಿದ್ಯುತ್ತು ಸುಳಿಸುಳಿಯಾಗಿ ಹರಿದು ತನ್ನದೇ ಆದ ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆ. ಯಂತ್ರ ಆ ವ್ಯತ್ಯಾಸವನ್ನು ಗುರುತಿಸಿ ಕೂಗುತ್ತದೆ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡರ ಮೈಯೊಳಗೆ ಹೊಕ್ಕಿದ್ದ ಗುಂಡನ್ನು ಹುಡುಕಲು ಟೆಲಿಫೋನಿನ ಗ್ರಹಾಂ ಬೆಲ್ಲರು ಇಂಥ ಸಲಕರಣೆಯನ್ನೇ ಬಳಸಿದರು. ಗುಂಡು ಸಿಗಲಿಲ್ಲ, ಉಪಾಯ ಉಳಿಯಿತು. ಎರಡನೆಯ ಮಹಾಯುದ್ಧದಲ್ಲಿ ನೆಲಬಾಂಬುಗಳನ್ನು ಪತ್ತೆಹಚ್ಚಿ ಸೈನಿಕರ ಜೀವ ಉಳಿಸಲು ಅದು ನೆರವಾಯಿತು. ಹೀಗಾಗಿ ಯಂತ್ರವನ್ನು ನಾವು ದೂರುವುದಿಲ್ಲ. ಅದಕ್ಕೆ ಚಿನ್ನವೆಂದೂ ಗೊತ್ತಿಲ್ಲ, ಇತಿಹಾಸವೆಂದೂ ಗೊತ್ತಿಲ್ಲ. ಸೋಡಾಬಾಟಲಿಯ ಮುಚ್ಚಳಕ್ಕೂ ಅದು ಅಷ್ಟೇ ಭಕ್ತಿಯಿಂದ ಕೂಗುತ್ತದೆ!

ಬೆಳಗಿನ ನಾಲ್ಕು ಗಂಟೆಗಳ ದುಡಿಮೆಯಲ್ಲಿ ನಮಗೆ ಸಿಕ್ಕಿದ್ದರಲ್ಲಿ ಹೆಚ್ಚಿನದು ಮುರಿದ ಮೊಳೆ, ಎತ್ತಿನ ಲಾಳ, ತಂತಿಯ ತುಂಡು. ಬದುವಿನ ಮೇಲೆ ನಿಂತ ಅಜ್ಜಿಯೊಬ್ಬರು, “ಏನ್ರಪ್ಪಾ, ಕೊಪ್ಪರಿಗೆ ಸಿಕ್ತಾ? ನಮಗೂ ಒಂದು ಪಾಲು ಕೊಡ್ರಪ್ಪಾ” ಎಂದು ನಗುತ್ತಲೇ ಇದ್ದರು. ಕೊನೆಗೆ ನೆಲ್ಲಿಕಾಯಿ ಗಾತ್ರದ ಐದು ಸೀಸದ ಗುಂಡುಗಳೂ ಒಂದು ತಾಮ್ರದ ನಾಣ್ಯವೂ ಸಿಕ್ಕವು. ನಾಣ್ಯದ ಒಂದು ಬದಿಗೆ ಎರಡು ಸಿಂಹಗಳು ಹಿಡಿದ ಕಂಪನಿಯ ಲಾಂಛನ ಮತ್ತು 1808 ಎಂಬ ವರ್ಷ, ಇನ್ನೊಂದು ಬದಿಗೆ ಪಾರಸಿ ಅಕ್ಷರ. ಇದು ಮದರಾಸು ಪ್ರಾಂತಕ್ಕಾಗಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ, ಉಗಿಯಂತ್ರದಿಂದ ಒತ್ತಿದ ಇಪ್ಪತ್ತು ಕಾಸಿನ ನಾಣ್ಯ. ಇಂಥವೇ ನಾಣ್ಯಗಳನ್ನು ತುಂಬಿಕೊಂಡು ಮದರಾಸಿಗೆ ಹೊರಟ ‘ಅಡ್ಮಿರಲ್ ಗಾರ್ಡನರ್’ ಎಂಬ ಹಡಗು 1809ರ ಜನವರಿಯಲ್ಲಿ ಇಂಗ್ಲೆಂಡಿನ ಕರಾವಳಿ ದಾಟುವ ಮೊದಲೇ ಗುಡ್‌ವಿನ್ ಮರಳುದಿಬ್ಬಕ್ಕೆ ಸಿಕ್ಕಿ ಮುಳುಗಿತು. 1980ರ ದಶಕದಲ್ಲಿ ಮುಳುಗುಗಾರರು ಅದರಿಂದ ರಾಶಿ ರಾಶಿ ನಾಣ್ಯಗಳನ್ನು ಮೇಲೆತ್ತಿದರು. ಸಮುದ್ರ ದಾಟಲಾರದೆ ಹೋದ ಆ ನಾಣ್ಯಗಳ ಒಡಹುಟ್ಟಿದ ಕಾಸೊಂದು ನಮ್ಮ ರಾಗಿಹೊಲದವರೆಗೆ ಬಂದಿದೆ. ಇದನ್ನು ಅಂಗೈಯಲ್ಲಿಟ್ಟುಕೊಂಡಾಗ ಆದ ರೋಮಾಂಚನವನ್ನು ನಾವು ಮುಚ್ಚಿಡುವುದಿಲ್ಲ.

ಆಮೇಲೆಯೇ ನಮ್ಮೊಳಗೆ ವಾದ ಹುಟ್ಟಿದ್ದು. ಹುಣಸೆಮರದ ಕೆಳಗಡೆ ಒಂದೇ ಜಾಗದಲ್ಲಿ ಯಂತ್ರ ಬಿಡದೆ ಕೂಗುತ್ತಿತ್ತು. ವಸ್ತು ಆಳದಲ್ಲಿತ್ತು. “ಎರಡಡಿ ಅಗೆದರೆ ಏನು ನಷ್ಟ? ಹೊಲ ಮಾವನದು, ಶ್ರಮ ನಮ್ಮದು” ಎಂದ ಒಬ್ಬ. ಅವನ ಮಾತು ನ್ಯಾಯವೆಂದೇ ಮೇಲ್ನೋಟಕ್ಕೆ ಕಾಣುತ್ತದೆ. ಆದರೂ ನಾವು ಅಗೆಯಲಿಲ್ಲ. ಜಾಗವನ್ನು ಬರೆದುಕೊಂಡು ಬಂದೆವು. ಏಕೆಂಬುದೇ ಈ ಲೇಖನದ ಮುಖ್ಯ ಮಾತು.

ಒಂದು ಸೀಸದ ಗುಂಡು ತಾನಾಗಿ ಏನನ್ನೂ ಹೇಳಲಾರದು. ಅದು ಯುದ್ಧದ್ದಿರಬಹುದು, ಮೊಲ ಬೇಟೆಯದೂ ಇರಬಹುದು. ಆದರೆ ದುಂಡಗಿರುವ ಗುಂಡುಗಳು ಒಂದು ಸಾಲಿನಲ್ಲೂ, ಬಡಿದು ಚಪ್ಪಟೆಯಾದ ಗುಂಡುಗಳು ನೂರು ಹೆಜ್ಜೆ ಆಚೆಗೂ ಸಿಕ್ಕರೆ, ಇಲ್ಲಿ ನಿಂತು ಬಂದೂಕು ತುಂಬುವಾಗ ಕೈತಪ್ಪಿ ಬಿದ್ದವು ಇವು, ಅಲ್ಲಿ ಹೋಗಿ ತಾಗಿದವು ಅವು ಎಂದು ಊಹಿಸಬಹುದು. ಯಾರು ಎಲ್ಲಿ ನಿಂತಿದ್ದರು, ಯಾವ ಕಡೆಗೆ ಓಡಿದರು ಎಂಬುದು ಹೀಗೆ ತಿಳಿಯುತ್ತದೆ. ಅಂದರೆ ಇತಿಹಾಸವಿರುವುದು ವಸ್ತುವಿನಲ್ಲಿ ಅರ್ಧ, ಅದು ಬಿದ್ದ ಜಾಗದಲ್ಲಿ ಅರ್ಧ. ಅಗೆದು ಕಿತ್ತು ಜೇಬಿಗೆ ಹಾಕಿಕೊಂಡರೆ ಜಾಗದ ಅರ್ಧ ಎಂದೆಂದಿಗೂ ಹೋಯಿತು. ಹರಿದ ಪುಸ್ತಕಕ್ಕೆ ಹಾಳೆ ಅಂಟಿಸಬಹುದು, ಅಗೆದ ಮಣ್ಣಿನ ಪದರವನ್ನು ಮತ್ತೆ ಹಾಗೆಯೇ ಜೋಡಿಸಲು ಯಾರಿಂದಲೂ ಆಗದು.

ಅಮೆರಿಕದ ಲಿಟ್ಲ್ ಬಿಗ್‌ಹಾರ್ನ್ ಎಂಬಲ್ಲಿ 1876ರಲ್ಲಿ ಕಸ್ಟರನ ಸೈನ್ಯಕ್ಕೂ ಅಲ್ಲಿನ ಮೂಲನಿವಾಸಿಗಳಿಗೂ ಕಾಳಗವಾಯಿತು. 1983ರಲ್ಲಿ ಹುಲ್ಲಿಗೆ ಬೆಂಕಿ ಬಿದ್ದು ನೆಲ ಬಯಲಾದಾಗ ಪುರಾತತ್ವಜ್ಞರು ಲೋಹಶೋಧಕ ಹಿಡಿದ ಸ್ವಯಂಸೇವಕರನ್ನು ಸಾಲಾಗಿ ನಡೆಸಿದರು. ಯಂತ್ರ ಕೂಗಿದಲ್ಲೆಲ್ಲ ಪುಟ್ಟ ಬಾವುಟ ನೆಟ್ಟರು, ಪ್ರತಿಯೊಂದು ತೋಟಾ ಬಿದ್ದ ಜಾಗವನ್ನೂ ನಕ್ಷೆಯಲ್ಲಿ ಗುರುತಿಸಿದರು. ತೋಟಾದ ಬುಡದ ಗುರುತು ನೋಡಿ ಒಂದೇ ಬಂದೂಕು ಎಲ್ಲಿಂದ ಎಲ್ಲಿಗೆ ಸಾಗಿತೆಂಬುದನ್ನೂ ಹೇಳಿದರು. ನಮ್ಮ ನಾಡಿನ ನಿದರ್ಶನವೂ ಉಂಟು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಬಳಿ ಹಾಳುಬಾವಿಯೊಂದರಿಂದ ಕರ್ನಾಟಕದ ಪುರಾತತ್ವ ಇಲಾಖೆಯವರು ಮೈಸೂರು ಸೈನ್ಯದ ಕಾಲದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ಟುಗಳನ್ನು ತೆಗೆದರು. ಅವು ಯಾರದೋ ಕೈಗೆ ಸಿಕ್ಕಿ ಗುಜರಿ ಅಂಗಡಿಯ ತಕ್ಕಡಿ ಏರಿದ್ದರೆ ಕಿಲೋ ಲೆಕ್ಕದ ಕಬ್ಬಿಣವಾಗಿ ಮುಗಿಯುತ್ತಿದ್ದುವು. ನಮ್ಮ ಹಳ್ಳಿಗಳಲ್ಲಿ ಹೊಲದಲ್ಲಿ ಸಿಕ್ಕ ಹಳೆಯ ಲೋಹವೆಲ್ಲ ಸೇರುವುದು ಗುಜರಿಯವನ ಗೋಣಿಚೀಲವನ್ನೇ ಅಲ್ಲವೆ?

ಕಾನೂನಿನ ಮಾತನ್ನೂ ಪೋಷಕರು ಅರಿತಿರಬೇಕು. ರಕ್ಷಿತ ಕೋಟೆಗಳಲ್ಲಿ ಅನುಮತಿಯಿಲ್ಲದೆ ಅಗೆಯುವುದು 1958ರ ಕಾಯ್ದೆಯ ಪ್ರಕಾರ ಅಪರಾಧ. ನಮ್ಮ ತಮಿಳುನಾಡಿನಲ್ಲಿ ಈಗಲೂ ನಡೆಯುತ್ತಿರುವ 1878ರ ನಿಧಿ ನಿಕ್ಷೇಪ ಕಾನೂನಿನಂತೆ, ಮಣ್ಣಿನಲ್ಲಿ ಅಡಗಿದ್ದ ಹತ್ತು ರೂಪಾಯಿಗೆ ಮೀರಿದ ಬೆಲೆಯ ಯಾವ ವಸ್ತು ಸಿಕ್ಕರೂ ಕಲೆಕ್ಟರಿಗೆ ಬರೆದು ತಿಳಿಸಬೇಕು. ಮುಚ್ಚಿಟ್ಟವನು ತನ್ನ ಪಾಲನ್ನು ಕಳೆದುಕೊಳ್ಳುವುದಲ್ಲದೆ ಸೆರೆಮನೆಯನ್ನೂ ಕಾಣಬೇಕಾದೀತು. ತಿಳಿಸಿದವನಿಗೆ ಪಾಲು ಉಂಟು. ಸರ್ಕಾರ ತಾನೇ ಇಟ್ಟುಕೊಳ್ಳುವುದಾದರೆ ಲೋಹದ ಬೆಲೆಯ ಮೇಲೆ ಐದನೆಯ ಒಂದು ಭಾಗ ಸೇರಿಸಿ ಕೊಡಬೇಕೆಂದೂ ಆ ಕಾನೂನಿನಲ್ಲಿದೆ. ನಮ್ಮ ಮಾವನವರು ನಾಣ್ಯ ಸಿಕ್ಕ ವಾರದಲ್ಲೇ ಜಾಗದ ನಕ್ಷೆಯೊಡನೆ ಅರ್ಜಿ ಬರೆದು ಕೊಟ್ಟರು.

ಇನ್ನೊಂದು ಎಚ್ಚರಿಕೆ. ಕಂಪನಿಯ ಹೆಸರಿನಲ್ಲಿ ಜನರನ್ನು ಸುಲಿಯುವವರು ಬಹಳ ಮಂದಿ ಇದ್ದಾರೆ. ಒಂದು ಬದಿಗೆ ರಾಮಸೀತೆಯರ ಅಥವಾ ಹನುಮಂತನ ಚಿತ್ರ, ಇನ್ನೊಂದು ಬದಿಗೆ ‘ಈಸ್ಟ್ ಇಂಡಿಯಾ ಕಂಪನಿ 1818’ ಎಂದಿರುವ ಬಿಲ್ಲೆಗಳನ್ನು ಲಕ್ಷಾಂತರ ಬೆಲೆಯ ನಾಣ್ಯವೆಂದು ನಂಬಿಸುತ್ತಾರೆ. ಕಂಪನಿ ಅಂಥ ನಾಣ್ಯವನ್ನು ಎಂದೂ ಹೊರಡಿಸಿಲ್ಲ. ಅಕ್ಕಿಕಾಳನ್ನು ಸೆಳೆಯುವ ತಾಮ್ರದ ಪಾತ್ರೆ, ‘ರೈಸ್ ಪುಲ್ಲರ್’ ಎಂಬುದೂ ಇದೇ ಜಾತಿಯ ಮೋಸ. ತಾಮ್ರ ಅಕ್ಕಿಯನ್ನು ಸೆಳೆಯುವುದಿಲ್ಲವೆಂದು ಎಂಟನೆಯ ತರಗತಿಯ ಮಗು ಮನೆಯಲ್ಲಿ ಹೇಳಿದರೆ ಒಂದು ಸಂಸಾರದ ಹೊಲ ಉಳಿದೀತು. ಮಕ್ಕಳೇ, ಸಂಕೋಚಪಡದೆ ಹೇಳಿರಿ. ಹಿರಿಯರೇ, ದಯವಿಟ್ಟು ಕೇಳಿರಿ.

“ಸರ್ಕಾರಕ್ಕೆ ಕೊಟ್ಟರೆ ಅದು ಯಾವುದೋ ಉಗ್ರಾಣದ ಕತ್ತಲೆ ಸೇರುತ್ತದೆ. ನಮ್ಮ ಮನೆಯಲ್ಲೇ ಇದ್ದರೆ ನಾಲ್ಕು ಜನ ನೋಡುತ್ತಾರೆ” ಎಂದು ಕೆಲವರು ಆಕ್ಷೇಪಿಸಬಹುದು. ಈ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ಸಿಕ್ಕ ಊರಿನ ಜನರಿಗೆ ಅವು ನೋಡಸಿಗಬೇಕು, ಹತ್ತಿರದ ವಸ್ತುಸಂಗ್ರಹಾಲಯದಲ್ಲಿ ಊರಿನ ಹೆಸರಿನೊಡನೆ ಇರಬೇಕೆಂದು ಕೇಳುವ ಹಕ್ಕು ನಮಗುಂಟು, ಕೇಳೋಣ. ಆದರೆ ಮನೆಯ ಪೆಟ್ಟಿಗೆಯೂ ಕತ್ತಲೆಯೇ. ಅಜ್ಜ ಇಟ್ಟದ್ದನ್ನು ಮಗ ಮರೆಯುತ್ತಾನೆ, ಮೊಮ್ಮಗ ಮಾರುತ್ತಾನೆ. ಜಾಗದ ವಿವರ ಬರೆದಿಟ್ಟ ವಸ್ತು ಉಗ್ರಾಣದಲ್ಲಿದ್ದರೂ ಮುಂದೊಂದು ದಿನ ಮಾತನಾಡುತ್ತದೆ. ವಿವರವಿಲ್ಲದ ವಸ್ತು ಗಾಜಿನ ಪೆಟ್ಟಿಗೆಯಲ್ಲಿದ್ದರೂ ಮೂಕವೇ.

ಗಡಿಯಾಚೆಯ ಕನ್ನಡಿಗರಾದ ನಮಗೆ ಈ ವಿಚಾರದಲ್ಲಿ ಹೊಣೆ ಹೆಚ್ಚು. ದೊಡ್ಡ ಚರಿತ್ರೆಯ ಪುಸ್ತಕಗಳಲ್ಲಿ ಶ್ರೀರಂಗಪಟ್ಟಣಕ್ಕೆ ಅಧ್ಯಾಯವಿದೆ, ಮದರಾಸಿಗೆ ಅಧ್ಯಾಯವಿದೆ. ಎರಡರ ನಡುವಿನ ದಾರಿಯಲ್ಲಿದ್ದ ನಮ್ಮ ಹಳ್ಳಿಗಳಿಗೆ ಒಂದು ಸಾಲು ಸಿಕ್ಕರೆ ಹೆಚ್ಚು. ನಮ್ಮ ಹಿಂದಿನವರು ಕನ್ನಡದಲ್ಲಿ ಕೆತ್ತಿಸಿದ ವೀರಗಲ್ಲುಗಳು ಬದುಗಳಲ್ಲಿ ನಿಂತಿವೆ. ನಿಧಿಯ ಆಸೆಗೆ ಅವುಗಳ ಬುಡವನ್ನು ಅಗೆದು ಉರುಳಿಸುವವನು ನಮ್ಮ ಊರಿನ ಹುಟ್ಟುಪತ್ರವನ್ನೇ ಹರಿದಂತೆ. ನಮ್ಮ ಚರಿತ್ರೆಯನ್ನು ಬೇರೆಯವರು ಬಂದು ಬರೆಯಲೆಂದು ಕಾಯುವ ಬದಲು, ಅದರ ಸಾಕ್ಷಿಯನ್ನಾದರೂ ನಾವು ಕಾದಿಡಬೇಡವೇ?

ಇದಕ್ಕೆ ಯಂತ್ರವೂ ಬೇಕಿಲ್ಲ, ಹಣವೂ ಬೇಕಿಲ್ಲ. ಒಂದು ನೋಟ್‌ಬುಕ್ಕು, ಒಂದು ಅಳತೆಪಟ್ಟಿ, ಪಕ್ಕದಲ್ಲಿ ಪಟ್ಟಿ ಇಟ್ಟು ತೆಗೆದ ಒಂದು ಚಿತ್ರ ಸಾಕು. ಹೊಲದಲ್ಲಿ ಹಳೆಯ ವಸ್ತು ಕಂಡರೆ ಉಜ್ಜಿ ತೊಳೆಯದೆ, ಸುತ್ತಿಗೆಯಿಂದ ಬಡಿಯದೆ, ಸಿಕ್ಕ ದಿನ, ಜಾಗ, ಆಳ ಇಷ್ಟನ್ನು ಬರೆದು ಚರಿತ್ರೆಯ ಅಧ್ಯಾಪಕರಿಗೆ ತೋರಿಸಿರಿ. ಪ್ರತಿಯೊಂದು ಹಳ್ಳಿಯಿಂದ ಒಬ್ಬ ವಿದ್ಯಾರ್ಥಿ ಹೀಗೆ ಬರೆಯತೊಡಗಿದರೆ ಹತ್ತು ವರ್ಷಗಳಲ್ಲಿ ಈ ಸೀಮೆಯ ಚರಿತ್ರೆಗೆ ಬೇಕಾದ ನಕ್ಷೆ ನಮ್ಮ ಶಾಲೆಯ ಕಪಾಟಿನಲ್ಲೇ ಸಿದ್ಧವಾಗುತ್ತದೆ. ಅದಕ್ಕಿಂತ ದೊಡ್ಡ ನಿಧಿಯನ್ನು ಯಾವ ಸರ್ಪವೂ ಕಾಯುತ್ತಿಲ್ಲವೆಂಬುದೇ ನಮ್ಮ ಅಭಿಪ್ರಾಯ.